ಜಪಾನಿಗೆ ಹೋದ ಬಾಸಿಂಗ

ನಮ್ಮ ಪಡಸಾಲೆಯ ನಡುಗೋಡೆಯಲ್ಲಿ ಒಂದು ಕಿಂಡಿ ಇತ್ತು. ಗೋಡೆ ಕಟ್ಟಿಸಿದವನು ನನ್ನ ಕಾಕಾ ಹುಸೇನಸಾಬ. ಕಿಂಡಿ ಬಿಡಿಸಿದವಳು ನನ್ನ ಆಯಿ, ಅಂದರೆ ಅಪ್ಪನನ್ನೂ ಕಾಕಾನನ್ನೂ ಹೆತ್ತವಳು. ಗೌಂಡಿ ಕಲ್ಲು ಏರಿಸುತ್ತಾ ಎದೆಮಟ್ಟಕ್ಕೆ ಬಂದಾಗ ಆಯಿ ಹೋಗಿ ಅವನ ಕೈ ಹಿಡಿದು, ಇಲ್ಲಿ ಒಂದು ಗಂಗಾಳ ದಾಟುವಷ್ಟು ಜಾಗ ಬಿಡು ಅಂದಳಂತೆ. ಯಾಕೆ ಅಂತ ಕಾಕಾ ಕೇಳಿದ್ದಕ್ಕೆ, ನಾನು ಎರಡೂ ಮನೆಯಲ್ಲಿ ಉಣ್ಣುವವಳು, ಪಲ್ಯ ಹಿಡಿದುಕೊಂಡು ಓಣಿ ಸುತ್ತಿ ಬರಲು ನನ್ನ ಮೊಣಕಾಲು ಒಪ್ಪುವುದಿಲ್ಲ ಅಂದಳಂತೆ. ಹೂವಿನಹಿಪ್ಪರಗಿಯ ನಮ್ಮ ಓಣಿಯಲ್ಲಿ ಮಣ್ಣಿನ ಮಾಳಿಗೆ ಮನೆಗಳು ಒಂದಕ್ಕೊಂದು ಬೆನ್ನು ಹಚ್ಚಿ ನಿಂತಿದ್ದವು. ಎರಡು ಮನೆಗೆ ಒಂದು ಗೋಡೆ ಇರುವುದು ಅಲ್ಲಿ ಯಾರಿಗೂ ಹೊಸದಲ್ಲ, ಆದರೆ ಒಂದೇ ಮನೆಯ ನಟ್ಟನಡುವೆ ಗೋಡೆ ಎದ್ದರೆ ಮಂದಿ ನಿಂತು ನೋಡುತ್ತಾರೆ. ಬೆಳಕಿಂಡಿ ಕಾಕಾನ ಪಾಲಿಗೆ ಹೋಯಿತು, ನಮ್ಮ ಕಡೆ ಹಗಲಲ್ಲೂ ಕತ್ತಲೆ. ಮುಂಬಾಗಿಲು ನಮ್ಮ ಪಾಲಿಗೆ ಬಂತು, ಅವರು ಹಿತ್ತಲ ಗೋಡೆ ಒಡೆದು ಬೇರೆ ಬಾಗಿಲು ಇಟ್ಟುಕೊಂಡರು. ಆಯಿ ಮುಂಜಾನೆಯ ರೊಟ್ಟಿ ನಮ್ಮಲ್ಲಿ, ಸಂಜೆಯ ಊಟ ಅವರಲ್ಲಿ ಅಂತ ತನ್ನನ್ನು ತಾನೇ ಪಾಲು ಮಾಡಿಕೊಂಡಳು.

ನಮ್ಮದು ಕಾಗದದ ಮನೆತನ. ಮೊಹರಮ್ಮಿಗೆ ಡೋಲಿ, ಉರುಸಿಗೆ ತೋರಣ ಕಟ್ಟುವ ಬಣ್ಣದ ಪರಪರಿ, ನಮ್ಮವರ ಮದುವೆಗೆ ಮುಖದ ಮುಂದೆ ಇಳಿಬಿಡುವ ಸೇರಾ, ಹಿಂದೂಗಳ ಮದುವೆಗೆ ಬಾಸಿಂಗ. ಮದುಮಕ್ಕಳ ಹಣೆಗೆ ಕಟ್ಟುವ ಈ ಬಾಸಿಂಗ ಮಾಡುವ ಕೆಲಸ ಸಾಬರ ಮನೆಗೆ ಹೇಗೆ ಬಂತೋ ಯಾರಿಗೂ ತಿಳಿಯದು. ಯಾರೂ ಕೇಳಿದ್ದೂ ಇಲ್ಲ. ಸಿಂದಗಿ ಕಡೆಯವರು, ಮುದ್ದೇಬಿಹಾಳದ ಕಡೆಯವರು, ಇಂಡಿ ಊರಿನ ಸುತ್ತಲ ಹಳ್ಳಿಯವರು ಲಗ್ನ ಗೊತ್ತಾದ ಕೂಡಲೇ ಎಲೆ, ಅಡಿಕೆ, ಕೊಬ್ಬರಿ ಬಟ್ಟಲು ತಂದು ನಮ್ಮ ಕಟ್ಟೆಯ ಮೇಲೆ ಇಟ್ಟು ಹೇಳಿಹೋಗುತ್ತಿದ್ದರು. ಗಂಡಿನದು ದೊಡ್ಡದು, ಮೇಲೆ ಶಿಖರ ಇರುವುದು. ಹೆಣ್ಣಿನದು ಸಣ್ಣದು, ಕೆಳಗೆ ಮಣಿಯ ಎಳೆಗಳು ಇಳಿಬಿದ್ದಿರುವುದು. ಮುತ್ಯಾ ತನ್ನ ಹಿರಿಯ ಮಗನಿಗೆ, ಅಂದರೆ ನಮ್ಮಪ್ಪ ಹಸನಸಾಬನಿಗೆ, ಗಂಡಿನದನ್ನು ಕಲಿಸಿದ. ಕಿರಿಯವನಿಗೆ ಹೆಣ್ಣಿನದನ್ನು. ಇಬ್ಬರಿಗೂ ಎರಡನ್ನೂ ಕಲಿಸಿದರೆ ನಾಳೆ ಬೇರೆ ಬೇರೆ ಅಂಗಡಿ ಇಟ್ಟಾರು ಎಂಬುದು ಮುದುಕನ ಲೆಕ್ಕ. ಒಂದೇ ಹಾಳೆಯನ್ನು ಮೂರು ಮಡಿಕೆ ಮಾಡಿ, ಎರಡು ಪಾಲು ಅಪ್ಪ ತೆಗೆದುಕೊಳ್ಳುತ್ತಿದ್ದ, ಒಂದು ಪಾಲು ಕಾಕಾ. ಜೋಡಿಯ ಬಣ್ಣ ಒಂದೇ ಇರಬೇಕಲ್ಲ. ಲಗ್ನ ಗೊತ್ತಿಲ್ಲದೆ ಬಾಸಿಂಗ ಮಾಡುವಂತಿಲ್ಲ, ಒಂಟಿ ಬಾಸಿಂಗ ಹೊಸ್ತಿಲು ದಾಟುವಂತಿಲ್ಲ, ದಾಟಿದ್ದು ತಿರುಗಿ ಬರುವಂತಿಲ್ಲ. ಈ ಮೂರನ್ನೂ ನಾವು ನಮಾಜಿಗಿಂತ ಮೊದಲು ಕಲಿತಿದ್ದೆವು. ಮನೆಯಲ್ಲಿ ಸದಾ ಕಾಗದ ಅಂಟಿಸುವ ಮೈದಾಹಿಟ್ಟಿನ ಖಳಿ ಕುದಿಯುವ ವಾಸನೆ. ಇಲಿ ಮುಟ್ಟದಿರಲಿ ಅಂತ ಅದಕ್ಕೆ ಅವ್ವ ಚಿಟಿಕೆ ಮೈಲುತುತ್ತ ಹಾಕುತ್ತಿದ್ದಳು. ನಮ್ಮ ಬೆರಳ ಸಂದಿಗಳು ವರ್ಷವಿಡೀ ಹಸಿರು.

ಗೋಡೆ ಎದ್ದದ್ದು ಆಸ್ತಿಗಾಗಿ ಅಲ್ಲ. ಮುದ್ದೇಬಿಹಾಳದ ಕಡೆಯ ಒಂದು ದೊಡ್ಡ ಮನೆಯ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಹೆಣ್ಣಿನ ಬಾಸಿಂಗದ ಮಣಿಯ ಎಳೆ ಹರಿದು ಚೆಲ್ಲಾಪಿಲ್ಲಿಯಾಯಿತು. ನಾಲ್ಕು ದಿನದ ಮೇಲೆ ಆ ಮನೆಯ ಹಿರಿಯರು ನಮ್ಮ ಕಟ್ಟೆಗೆ ಬಂದು ಕೂತು ಬಾಯಿಗೆ ಬಂದಂತೆ ಬೈದರು. ಕಾಕಾ ಒಳಗೆ ಖಳಿ ತಿರುವುತ್ತಿದ್ದ. ಅಪ್ಪ ಕೈ ಮುಗಿದು ತಪ್ಪಾಯಿತು ಅನ್ನಬೇಕಿತ್ತು. ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಅಂದದ್ದು ಬೇರೆ.

"ಸಣ್ಣದು ನಂದಲ್ರಿ. ನನ್ನ ಕೆಲಸ ಬೇಕಾದ್ರ ತಗದು ನೋಡ್ರಿ."

ಕಾಕಾ ಖಳಿಯ ಬೋಗುಣಿಯನ್ನು ಒಲೆಯಿಂದ ಇಳಿಸಿದ. ಅವತ್ತಿನಿಂದ ಅಣ್ಣನ ಜೊತೆ ಮಾತು ಬಿಟ್ಟ. ತಿಂಗಳೊಪ್ಪತ್ತಿನಲ್ಲಿ ಗೌಂಡಿ ಬಂದ. ಓಣಿಯ ಹೆಂಗಸರು ಬಂದು, ಹುಟ್ಟುತ್ತ ಅಣ್ಣತಮ್ಮಂದಿರು ಬೆಳೆಯುತ್ತ ದಾಯಾದಿಗಳು, ಹಿರಿಯರು ಸುಮ್ಮನೆ ಅಂದಿಲ್ಲ ಅಂತ ಆಯಿಗೆ ಸಮಾಧಾನ ಹೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ದಾಯಾದಿಗಳೂ ಅಲ್ಲ, ದಾಯಾದಿಗಳಾಗಿದ್ದರೆ ಹೊಡೆದಾಡುತ್ತಿದ್ದರು, ಇವು ಎರಡು ಕಲ್ಲುಗುಂಡು ಅನ್ನುತ್ತಿದ್ದಳು. ಕೆಲಸ ಮಾತ್ರ ನಿಲ್ಲಲಿಲ್ಲ. ಅಪ್ಪ ಹಾಳೆ ಮಡಚಿ ಒಂದು ಪಾಲನ್ನು ಕಿಂಡಿಯಲ್ಲಿಟ್ಟು ಕೆಮ್ಮುತ್ತಿದ್ದ. ಆ ಕಡೆಯಿಂದ ಒಂದು ಕೈ ಬಂದು ತೆಗೆದುಕೊಂಡು ಹೋಗುತ್ತಿತ್ತು. ಎರಡು ದಿನದ ಮೇಲೆ ಹೆಣ್ಣಿನ ಬಾಸಿಂಗ ಕಿಂಡಿಯಲ್ಲಿ ಬಂದು ಕೂತಿರುತ್ತಿತ್ತು, ಆ ಕಡೆ ಒಂದು ಕೆಮ್ಮು. ಎರಡು ವರ್ಷ ನಮ್ಮ ಮನೆಯಲ್ಲಿ ಇಷ್ಟೇ ಸಂಭಾಷಣೆ. ನೆಗಡಿ ಬಂದಾಗ ಯಾರು ಯಾತಕ್ಕೆ ಕೆಮ್ಮಿದರೆಂದು ತಿಳಿಯದೆ ಫಜೀತಿ ಆಗುತ್ತಿತ್ತು.

ಆ ಎರಡು ವರ್ಷ ನನ್ನಲ್ಲಿ ಒಂದು ಸ್ವಭಾವವನ್ನು ಕಾಯಂ ಮಾಡಿಬಿಟ್ಟಿತು. ಈಗ ಇಂಡಿ ಊರಿನಲ್ಲಿ ಮಕ್ಕಳು ಮೊಮ್ಮಕ್ಕಳ ನಡುವೆ ಇದ್ದೇನೆ, ಮನೆಯಲ್ಲಿ ಯಾರಾದರೂ ಕೂಗಾಡಿದರೆ ನನಗೆ ಏನೂ ಅನ್ನಿಸುವುದಿಲ್ಲ, ಪಾತ್ರೆ ಎಸೆದರೂ ಸರಿ. ಯಾರಾದರೂ ಸುಮ್ಮನಾದರೆ ಮಾತ್ರ ಎದೆ ಡವಗುಟ್ಟುತ್ತದೆ. ಸುಮ್ಮನಿರುವ ಮನೆಯಲ್ಲಿ ಅನ್ನದ ತಪ್ಪಲೆಯ ಮುಚ್ಚಳ ಇಡುವ ಸದ್ದೂ ಜಾಸ್ತಿ ಕೇಳುತ್ತದೆ. ಊರಿನ ಎಲ್ಲರ ಕೂಡ ಅಪ್ಪ ನಗುತ್ತ ಮಾತಾಡುತ್ತಿದ್ದ, ಯಾರದೇ ಜಗಳ ಇದ್ದರೂ ಹೋಗಿ ಬಿಡಿಸುತ್ತಿದ್ದ. ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ಅವ್ವ ರೊಟ್ಟಿ ಬಡಿಯುತ್ತ ಗೊಣಗುತ್ತಿದ್ದಳು, ಬಡಿತದ ಸದ್ದಿನಲ್ಲಿ ಕೇಳಿಸಬಾರದು ಅಂತ ಒಂದಿಷ್ಟು ಜೋರಾಗಿಯೇ ಬಡಿಯುತ್ತಿದ್ದಳು.

ಕಾಕಾನ ಮಗಳು ಶಾನೂರಬಿ, ನಾವು ಶಾನು ಅನ್ನುತ್ತಿದ್ದೆವು, ನನಗಿಂತ ಮೂರು ತಿಂಗಳಿಗೆ ಸಣ್ಣವಳು. ಗೋಡೆಗಿಂತ ಮೊದಲು ನಾವಿಬ್ಬರೂ ಒಂದೇ ಕೌದಿಯಲ್ಲಿ ಮಲಗಿದವರು. ಸಾಲೆಯಲ್ಲಿ ಒಂದೇ ಬೆಂಚು. ಅವಳ ಜೊತೆ ಮಾತಾಡಬೇಡ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾವೇ ಬಿಟ್ಟೆವು. ಅಪ್ಪಂದಿರ ಜಗಳವನ್ನು ಅಪ್ಪಂದಿರಿಗಿಂತ ಶಿಸ್ತಿನಿಂದ ಪಾಲಿಸಿದವರು ನಾವು. ಮೈಗೆ ಮೈ ಹತ್ತಿಸಿ ಕೂತು, ಅವಳ ರಬ್ಬರು ಬೇಕಾದರೆ ಹಿಂದಿನ ಬೆಂಚಿನವಳ ಕಡೆಯಿಂದ ಕೇಳಿಸುತ್ತಿದ್ದೆ. ಆ ಚಳಿಗಾಲದಲ್ಲಿ ಕಿಂಡಿಯಿಂದ ಒಂದು ಸುದ್ದಿ ಬಂತು. ಕಾಕಾನ ಹೆಂಡತಿ ನಮ್ಮ ಕಾಕುವಿನ ತವರು ಚಡಚಣ; ಅಲ್ಲಿ ಅವಳ ಅಣ್ಣಂದಿರದು ದ್ರಾಕ್ಷಿ ಪೆಟ್ಟಿಗೆಗೆ ಕಾಗದ ಹಚ್ಚುವ ಕೆಲಸ. ಲಗ್ನದ ದಿನಗಳು ಮುಗಿದ ಮೇಲೆ ಕಾಕಾ ಸಂಸಾರ ಕಟ್ಟಿಕೊಂಡು ಅಲ್ಲಿಗೆ ಹೋಗುವವನು. ಆಯಿಗೆ ಇದನ್ನು ಹೇಳಿದ್ದು ಕಾಕು, ನಮಗೆ ಹೇಳಿದ್ದು ಆಯಿ. ಅಪ್ಪ ಕತ್ತರಿ ಕೆಳಗಿಡದೆ, ಹೋಗಲಿ ಬಿಡು ಅಂದ. ಹೆಣ್ಣಿನ ಬಾಸಿಂಗ ಯಾರು ಮಾಡುತ್ತಾರೆ ಅಂತ ಅವ್ವ ಕೇಳಿದರೆ, ಅದು ಅವನ ಕೆಲಸ, ನಾನು ಮುಟ್ಟುವುದಿಲ್ಲ ಅಂದ. ನನಗೆ ಬಾಸಿಂಗದ ಚಿಂತೆ ಇರಲಿಲ್ಲ. ಶಾನು ಹೋದರೆ ಬೆಂಚಿನ ಆ ತುದಿ ಖಾಲಿ. ಮಾತಾಡದಿದ್ದರೂ ಅವಳು ಅಲ್ಲಿದ್ದಳು. ಇನ್ನು ಅದೂ ಇರುವುದಿಲ್ಲ ಅಂತ ನೆನೆದು ನಾನು ಮಾಳಿಗೆಯ ಮೇಲೆ ಹೋಗಿ ಅತ್ತೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಡಿಗೇರ ಮಾಸ್ತರು ತರಗತಿಗೆ ಎರಡು ರಟ್ಟಿನ ಡಬ್ಬಿ ತಂದರು. ಅವರಿಗೆ ಅಂಚೆಚೀಟಿ ಕೂಡಿಸುವ ಹುಚ್ಚು. ಅದರಿಂದ ಪರದೇಶದ ಕೆಲವು ಶಿಕ್ಷಕರ ಪರಿಚಯ ಆಗಿತ್ತು. ಒಂದು ಡಬ್ಬಿ ಜಪಾನಿನ ಒಂದು ಸಾಲೆಗೆ, ಇನ್ನೊಂದು ಫಿನ್‌ಲೆಂಡಿನ ಒಂದು ಸಾಲೆಗೆ. ನಾವು ಕೈಯಾರೆ ಕಾಗದದಲ್ಲಿ ಏನಾದರೂ ಮಾಡಿ ಅಲ್ಲಿಯ ಮಕ್ಕಳಿಗೆ ಕಳಿಸಬೇಕು, ಅವರು ಮಾಡಿದ್ದನ್ನು ನಮಗೆ ಕಳಿಸುತ್ತಾರೆ. ಹೀಗೆ ಒಬ್ಬರ ಕೈಕೆಲಸ ಒಬ್ಬರ ಮನೆಯಲ್ಲಿದ್ದರೆ ದೊಡ್ಡವರಾದ ಮೇಲೆ ಒಬ್ಬರ ಮೇಲೊಬ್ಬರು ಬಾಂಬು ಹಾಕಲು ಮನಸ್ಸು ಬರುವುದಿಲ್ಲ, ಲೋಕಕ್ಕೆ ಶಾಂತಿ ಬರುವುದು ಇದೇ ದಾರಿಯಿಂದ ಅಂತ ಮಾಸ್ತರು ಹೇಳಿದರು. ಅವರು ಮನಸಾರೆ ನಂಬಿ ಹೇಳುತ್ತಿದ್ದರು, ಹಾಗಾಗಿ ನಾವೂ ನಂಬಿದೆವು. ಬೆಂಚಿಗೊಂದರಂತೆ ಬಣ್ಣದ ಹಾಳೆ ಕೊಟ್ಟರು. ನಮ್ಮದಕ್ಕೆ ಗುಲಾಬಿ ಬಂತು. ಬೇರೆಯವರೆಲ್ಲ ನಡುವೆ ಹರಿದು ಅರ್ಧ ಅರ್ಧ ಮಾಡಿಕೊಂಡರು. ನಾನು ಯೋಚನೆಯಿಲ್ಲದೆ ಮೂರು ಮಡಿಕೆ ಮಾಡಿದೆ, ಎರಡು ಪಾಲು ಇಟ್ಟುಕೊಂಡು ಒಂದನ್ನು ಶಾನುವಿನ ಕಡೆ ಸರಿಸಿದೆ. ಅವಳೂ ತೆಗೆದುಕೊಂಡಳು. ಹಿಂದಿನ ಬೆಂಚಿನವಳು ಇದ್ಯಾವ ನ್ಯಾಯ ಅಂತ ಬೆಪ್ಪಾಗಿ ನೋಡಿದಳು.

ಅವಳು ಏನು ಮಾಡುತ್ತಾಳೆ ಅಂತ ನಾನು ಕೇಳಲಿಲ್ಲ. ಮಿಕ್ಕವರು ಹಡಗು, ಬೀಸಣಿಗೆ, ಹಕ್ಕಿ ಮಾಡಿದರು. ನನಗೆ ಹಡಗು ಮಾಡಲು ಬರುತ್ತಿರಲಿಲ್ಲ, ಬರುತ್ತಿದ್ದದ್ದು ಒಂದೇ. ಅಪ್ಪ ಸಿಂದಗಿಗೆ ಹೋಗಿದ್ದ ಎರಡು ದಿನ ಮಾಳಿಗೆಯ ಮೇಲೆ ಕೂತು, ಅಪ್ಪ ಬಿಸಾಕಿದ ರಟ್ಟು, ಮಿರುಗುವ ಬೇಗಡಿಯ ಚೂರು ಎಲ್ಲ ಕೂಡಿಸಿ ಗಂಡಿನ ಬಾಸಿಂಗ ಮಾಡಿದೆ. ಶಿಖರ ಒಂದಿಷ್ಟು ಎಡಕ್ಕೆ ವಾಲಿತ್ತು, ಅಷ್ಟು ಬಿಟ್ಟರೆ ಚೆನ್ನಾಗಿಯೇ ಇತ್ತು. ಕೊಡುವ ದಿನ ನೋಡಿದರೆ ಶಾನು ಹೆಣ್ಣಿನ ಬಾಸಿಂಗ ತಂದಿದ್ದಳು, ಅದೇ ಗುಲಾಬಿ. ನಾವು ಒಬ್ಬರನ್ನೊಬ್ಬರು ನೋಡಿ ತಲೆ ತಗ್ಗಿಸಿದೆವು. ಮಾಸ್ತರಿಗೆ ಬಹಳ ಸಂತೋಷವಾಯಿತು. ಎರಡೂ ಸಾಲೆಗೆ ಸಮನಾಗಿ ಹೋಗಲಿ ಅಂತ ನನ್ನದನ್ನು ಜಪಾನಿನ ಡಬ್ಬಿಗೆ, ಶಾನುವಿನದನ್ನು ಫಿನ್‌ಲೆಂಡಿನ ಡಬ್ಬಿಗೆ ಹಾಕಿದರು.

ಮರುದಿನ ಮುಂಜಾನೆ ರೊಟ್ಟಿ ತಿನ್ನುವಾಗ ನಾನು ಹೆಮ್ಮೆಯಿಂದ ಇದನ್ನೆಲ್ಲ ಹೇಳಿದೆ. ಅಪ್ಪನ ಕೈಯಲ್ಲಿದ್ದ ತುತ್ತು ಗಂಗಾಳಕ್ಕೆ ಬಿತ್ತು.

"ಲಗ್ನಿಲ್ಲ, ಗಂಡಿಲ್ಲ, ಹೆಣ್ಣಿಲ್ಲ. ಯಾರ ಹಣಿಗೆ ಕಟ್ಟಾಕ ಕಳಿಸಿದಿ?"

ಕಿಂಡಿಯ ಆ ಕಡೆ ಕಾಕಾ ಶಾನುವನ್ನು ಬೈಯುವುದು ಕೇಳಿಸಿತು. ಮಾತು ಹೆಚ್ಚೂಕಡಿಮೆ ಅವೇ. ಇಬ್ಬರೂ ಏಕಕಾಲಕ್ಕೆ ಒಂದೇ ಮಾತು ಆಡಿದ್ದು ಎರಡು ವರ್ಷದಲ್ಲಿ ಅದೇ ಮೊದಲು, ಆದರೆ ಬೈಸಿಕೊಳ್ಳುವವಳಿಗೆ ಅದನ್ನು ಮೆಚ್ಚಲು ಪುರಸೊತ್ತು ಎಲ್ಲಿ. ಆಯಿ ಮಾತ್ರ ಬೈಯಲಿಲ್ಲ. ಕೈ ತೊಳೆದು, ಆ ಎರಡು ಊರು ಹತ್ತಿರವೋ ದೂರವೋ ಅಂತ ಕೇಳಿದಳು. ಒಂದು ಮೂಡಣಕ್ಕೆ, ಒಂದು ಪಡುವಣಕ್ಕೆ ಅಂದೆ. ಅವಳು ಸೆರಗು ಹೊದ್ದು ಚಪ್ಪಲಿ ಮೆಟ್ಟಿದಳು. ಮೊಣಕಾಲಿನ ನೋವಿಗೆ ಓಣಿ ಸುತ್ತಲಾರೆ ಅನ್ನುವವಳು ಸಾಲೆಯತನಕ ನನ್ನ ಹೆಗಲು ಹಿಡಿದು ನಡೆದಳು. ಡಬ್ಬಿಗಳಿಗೆ ಮಾಸ್ತರು ಬಟ್ಟೆ ಹೊಲಿಯುತ್ತ ಕೂತಿದ್ದರು. ಆಯಿ ಬಾಗಿಲಲ್ಲೇ ನಿಂತಳು.

"ಮಾಸ್ತರ, ನೀವು ಲೋಕಕ್ಕ ಶಾಂತಿ ಕಳಸಾಕತ್ತೀರಂತ, ಛಲೋ ಆತು. ನನ್ನ ಹೊಟ್ಟ್ಯಾಗ ಹುಟ್ಟಿದ ಇಬ್ರು ಒಂದ ಗ್ವಾಡಿ ಆಕಡಿ ಈಕಡಿ ಕುಂತು ಮಾತಾಡವಲ್ರು. ಅದನ್ನ ಹೇಳಾಕ ನಾ ಬಂದಿಲ್ಲ. ಈ ಜೋಡಿ ಮಾತ್ರ ಅಗಲಿಸಬ್ಯಾಡ್ರಿ. ಎರಡೂ ಒಂದ ಊರಿಗೆ ಕಳಸ್ರಿ."

"ಆಯಿ, ಒಬ್ಬರದು ಒಂದೊಂದ ಕಡೆ ಹೋಗ್ಲಿ ಅಂತ ಮಾಡೇನ್ರಿ."

"ಹಂಗಾರ ಇದು ಎರಡಲ್ಲ, ಒಂದ ಐತಿ ಅಂತ ತಿಳೀರಿ."

ಮಾಸ್ತರು ಒಳ್ಳೆಯವರು. ವಾದ ಮಾಡದೆ ಹಾಕಿದ ಹೊಲಿಗೆ ಬಿಚ್ಚಿ ಶಾನುವಿನ ಬಾಸಿಂಗವನ್ನು ಜಪಾನಿನ ಡಬ್ಬಿಗೆ ಹಾಕಿದರು. ಅದರ ಬದಲಿಗೆ ಯಾರದೋ ಬೀಸಣಿಗೆ ಫಿನ್‌ಲೆಂಡಿಗೆ ಹೋಯಿತು. ಕಳಿಸುವವರ ಮನೆ ಯಾವುದು, ಎರಡು ಬರೆಯಬೇಕೋ ಒಂದೋ ಅಂತ ಕೇಳಿದರು. ಮನೆ ಒಂದೇ ಇದೆ, ಒಂದೇ ಬರೆಯಿರಿ ಅಂದಳು ಆಯಿ.

ಆಮೇಲೆ ಲಗ್ನದ ದಿನಗಳು ಬಂದವು, ಯಾರಿಗೂ ಉಸಿರಾಡಲು ಸಮಯ ಇರಲಿಲ್ಲ. ಬಾಗೇವಾಡಿಯಿಂದ ಹಾಳೆಯ ಕಟ್ಟು ಬರುವುದು, ಕಿಂಡಿಯಲ್ಲಿ ಹೋಗುವುದು, ಕೆಮ್ಮು, ಬಾಸಿಂಗ ಬರುವುದು, ಕೆಮ್ಮು. ಕಾಕು ಒಂದೊಂದೇ ಪಾತ್ರೆ ಚೀಲಕ್ಕೆ ಹಾಕತೊಡಗಿದ್ದಳು. ಸಾಮಾನು ಕಡಿಮೆಯಾದಂತೆ ಆ ಕಡೆಯ ಸದ್ದು ಗುಮ್ಮೆನ್ನುತ್ತಿತ್ತು. ಅಪ್ಪ ಕೆಲವು ಸಲ ಕತ್ತರಿ ಹಿಡಿದವನು ಹಾಗೇ ಕೂತು ಆ ಸದ್ದು ಕೇಳುತ್ತಿದ್ದ. ಹೋಗಿ ಒಂದು ಮಾತು ಆಡಬಾರದೇ ಅಂತ ಅವ್ವ ಅಂದರೆ, ನಾನು ಹಿರಿಯವ, ನಾನ್ಯಾಕೆ ಅನ್ನುತ್ತಿದ್ದ. ಮಳೆ ಶುರುವಾಗಿ ಸಾಲೆ ಮತ್ತೆ ತೆರೆದ ವಾರದಲ್ಲಿ ಕಾಕಾ ಮರುದಿನ ಮುಂಜಾನೆಗೆ ಅಂತ ಒಂದು ಗಾಡಿ ಗೊತ್ತುಮಾಡಿದ. ಶಾನುವಿನ ಹೆಸರನ್ನು ಸಾಲೆಯಿಂದ ಬಿಡಿಸಿಯಾಗಿತ್ತು. ಕೊನೆಯ ದಿನ ಬೆಂಚಿನ ಮೇಲೆ ಅವಳು ತನ್ನ ರಬ್ಬರನ್ನು ನನ್ನ ಕಡೆ ಸರಿಸಿದಳು, ಮೂರನೆಯವರಿಲ್ಲದೆ. ನಾನು ತೆಗೆದುಕೊಂಡೆ.

ಅದೇ ದಿನ ಸಂಜೆ ಮಾಸ್ತರು ನಮ್ಮ ಮನೆಗೆ ಬಂದರು. ಜಪಾನಿನಿಂದ ಡಬ್ಬಿ ಬಂದಿತ್ತು. ನನಗೊಂದು, ಶಾನುವಿಗೊಂದು ಹಸಿರು ಕಾಗದದ ಕಪ್ಪೆ. ಹಿಂಭಾಗ ಒತ್ತಿ ಬಿಟ್ಟರೆ ಟಣ್ಣನೆ ಹಾರುವಂಥದ್ದು. ಅದರ ಜೊತೆ ಒಂದು ಫೋಟೊ. ಫೋಟೊ ಒಂದೇ, ಮನೆ ಎರಡು. ಆಯಿ ಅದನ್ನು ಕೈಯಲ್ಲಿ ಹಿಡಿದುಕೊಂಡು, ನೋಡಬೇಕಾದವರು ಕಟ್ಟೆಗೆ ಬಂದು ನೋಡಲಿ, ನಾನು ಎಲ್ಲಿಗೂ ಒಯ್ಯುವುದಿಲ್ಲ ಅಂತ ಗೋಡೆಗೆ ಕೇಳುವಂತೆ ಹೇಳಿದಳು. ಶಾನು ಓಡಿ ಬಂದಳು. ಕಾಕು ಬಂದಳು. ಕಡೆಗೆ ಕಾಕಾ ಓಣಿ ಸುತ್ತಿ ಬಂದು, ಒಂದು ಕಾಲು ಕಟ್ಟೆಯ ಮೇಲೆ ಒಂದು ಕಾಲು ನೆಲದ ಮೇಲೆ ಇಟ್ಟು ನಿಂತ. ಅಪ್ಪ ಇನ್ನೊಂದು ಮೂಲೆಯಲ್ಲಿ ಕಂಬಕ್ಕೆ ಆತು ನಿಂತಿದ್ದ.

ಫೋಟೊದಲ್ಲಿ ಒಬ್ಬಳು ಹುಡುಗಿ, ಒಬ್ಬ ಸಣ್ಣ ಹುಡುಗ. ನಾನು ಮಾಡಿದ ಗಂಡಿನ ಬಾಸಿಂಗವನ್ನು ಹುಡುಗಿ ಕಟ್ಟಿಕೊಂಡಿದ್ದಳು. ಅದು ಜಾರಿ ಒಂದು ಕಣ್ಣು ಮುಚ್ಚಿತ್ತು. ಹುಡುಗ ಶಾನು ಮಾಡಿದ್ದನ್ನು ಗದ್ದಕ್ಕೆ ಗಡ್ಡದಂತೆ ಕಟ್ಟಿಕೊಂಡು ಹಲ್ಲು ಕಿಸಿದಿದ್ದ. ಮಣಿಯ ಎಳೆಗಳು ಎದೆತನಕ ಇಳಿದಿದ್ದವು. ಇವರು ಅಕ್ಕ ತಮ್ಮ ಅಂತ ಮಾಸ್ತರು ಹೇಳಿದರು. ಆಯಿ ಹಣೆ ಬಡಿದುಕೊಂಡು, ಅಕ್ಕ ತಮ್ಮನಿಗೆ ಲಗ್ನ ಹಚ್ಚಿದಿರಲ್ಲ ಹುಡುಗಿಯರೇ ಅಂತ ನಕ್ಕಳು. ಅವ್ವ, ಕಾಕು ಸೆರಗು ಬಾಯಿಗೆ ಹಿಡಿದು ನಕ್ಕರು. ನಗದವರು ಇಬ್ಬರೇ. ಅವರು ಮಕ್ಕಳ ಮುಖ ನೋಡುತ್ತಿರಲಿಲ್ಲ, ಕೆಲಸ ನೋಡುತ್ತಿದ್ದರು. ಅಪ್ಪ ಕಂಬಕ್ಕೆ ಹೇಳುವವನಂತೆ ಅಂದ:

"ಮ್ಯಾಲ ಯಾವುದು, ಕೆಳಗ ಯಾವುದು ತಿಳಿಯೂಹಂಗ ಮಾಡಿದ್ರ ಗದ್ದಕ್ಕ ಯಾಕ ಕಟ್ಕೊಂತಿದ್ದ ಆ ಹುಡುಗ? ಕಲಿಸಿದವರಿಗೆ ಗೊತ್ತಿರಬೇಕು."

ಕಾಕಾ ಕಟ್ಟೆಯ ಮೇಲಿನ ಕಾಲನ್ನು ನೆಲಕ್ಕೆ ಇಳಿಸಿದ. ಹೊರಟೇಬಿಟ್ಟ ಅಂದುಕೊಂಡೆ. ಅವನು ಎರಡೂ ಕಾಲು ಕಟ್ಟೆಯ ಮೇಲೆ ಇಟ್ಟು ಅಪ್ಪನ ಎದುರಿಗೆ ಬಂದು ನಿಂತ.

"ನಿನ್ನ ಮಗಳು ಮಾಡಿದ್ದು ನೆಟ್ಟಗೈತೇನು? ಕಣ್ಣಿಗೆ ಬಂದು ಕುಂತೈತಿ. ಅವತ್ತೂ ಹಿಂಗ. ಮಂದಿ ಮುಂದ ನಂದಲ್ಲ ಅಂದಿ. ಒಂದ ಹಾಳ್ಯಾಗ ಮಾಡಿದ್ದು ನಿಂದಲ್ಲ ಹೆಂಗ ಆತು, ಹೇಳಣ್ಣ."

ಅಣ್ಣ ಅನ್ನುವ ಮಾತು ಅವನ ಬಾಯಿಂದ ತಾನಾಗಿ ಬಂತು. ಸಿಟ್ಟಿನಲ್ಲಿ ಅವನಿಗೆ ಅದು ಗೊತ್ತೂ ಆಗಲಿಲ್ಲ. ಅಪ್ಪ ಕಂಬ ಬಿಟ್ಟು ಮುಂದೆ ಬಂದ. ನೀನು ಆ ದಿನ ಹೊರಗೆ ಬಂದು ನನ್ನನ್ನು ಕೇಳಬೇಕಿತ್ತು, ಗೌಂಡಿಯನ್ನು ಕರೆದದ್ದು ಯಾಕೆ ಅಂದ. ಕೇಳಿದ್ದರೆ ಏನು ಹೇಳುತ್ತಿದ್ದೆ ಅಂತ ಕಾಕಾ. ಬೆಳಕಿಂಡಿ ಒಯ್ದದ್ದು, ಮುತ್ಯಾನ ಕತ್ತರಿ ಅಪ್ಪನೇ ಇಟ್ಟುಕೊಂಡದ್ದು, ಕಾಕಾಗೆ ಜ್ವರ ಬಂದಾಗ ಅಪ್ಪ ಬರದೇ ಇದ್ದದ್ದು, ಬರದೆ ಕಿಂಡಿಯ ಹತ್ತಿರ ಮೂರು ದಿನ ಕೂತಿದ್ದದ್ದು, ಎಲ್ಲ ಒಂದೊಂದಾಗಿ ಹೊರಗೆ ಬಿದ್ದವು. ಓಣಿಯ ಮಂದಿ ಕೂಡಿದರು. ಬಿಡಿಸಲು ಮಾಸ್ತರು ಎದ್ದರೆ ಆಯಿ ಅವರ ಕೈ ಹಿಡಿದು ಕೂರಿಸಿದಳು.

"ಕುಂಡ್ರಿ ಮಾಸ್ತರ. ಎರಡು ವರ್ಷ ಆತು ಇದನ್ನ ಕೇಳಾಕ ಕಾಯಾಕತ್ತೇನಿ. ನಡುವ ಬಾಯಿ ಹಾಕಬ್ಯಾಡ್ರಿ."

ಅವಳ ಕಣ್ಣಲ್ಲಿ ನೀರಿತ್ತು. ಮದುವೆಯ ಮನೆಯಲ್ಲಿ ಕೂತವಳಂತೆ ಎಲೆ ಅಡಿಕೆಯ ಚೀಲ ಬಿಚ್ಚಿದಳು. ಶಾನು, ನಾನು ಹೊಸ್ತಿಲ ಒಳಗೆ ಕೂತು ಕಪ್ಪೆ ಹಾರಿಸುತ್ತಿದ್ದೆವು. ನಿನ್ನದು ಹೆಚ್ಚು ಹಾರುತ್ತದೆ ಅಂತ ನಾನು ಅಂದೆ, ಒತ್ತುವುದು ನಿನಗೆ ಬರುವುದಿಲ್ಲ ಅಂತ ಅವಳು ಅಂದಳು. ಹೊರಗೆ ಅಪ್ಪ ಕಾಕಾನ ದನಿ ಸೋತು, ಮತ್ತೆ ಏರಿ, ಮತ್ತೆ ಸೋಲುತ್ತಿತ್ತು. ದೀಪ ಹಚ್ಚುವ ಹೊತ್ತಾಯಿತು. ಗಾಡಿಯವನು ನಾಳೆ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಲು ಬಂದು ಮಂದಿಯ ನಡುವೆ ನಿಂತಿದ್ದ. ಕಾಕು ಮೆಲ್ಲಗೆ ಹೋಗಿ ಗಂಡನ ಅಂಗಿ ಜಗ್ಗಿ, ಏನು ಹೇಳಲಿ ಅಂತ ಕೇಳಿದಳು. ಕಾಕಾ ಅಪ್ಪನ ಮುಖದಿಂದ ಕಣ್ಣು ತೆಗೆಯದೆ ಕೈ ಕೊಡವಿದ.

"ನಾಳೆ ಬ್ಯಾಡಂತ ಹೇಳು. ಇವಂಗ ನಾ ಹೇಳೂದು ಇನ್ನ ಮುಗಿದಿಲ್ಲ."

ಅವನಿಗೆ ಹೇಳುವುದು ಬದುಕಿರುವತನಕ ಮುಗಿಯಲಿಲ್ಲ. ಚಡಚಣಕ್ಕೆ ಅವನು ಹೋಗಲೂ ಇಲ್ಲ.